ನೀಲಿ ದಾರ

೨೦೦೪ನೇ ಇಸವಿ, ಆಗಸ್ಟ್ ಹನ್ನೆರಡು, ಗುರುವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಮಣೆ ಹಾಕಿಕೊಂಡು ಕೂತಿದ್ದಳು. ಅವಳೆದುರು ಹದಿನಾಲ್ಕು ವರ್ಷದ ಮೊಮ್ಮಗಳು ಎರಡೂ ಅಂಗೈ ಚಾಚಿ ನಿಂತಿದ್ದಳು. ಒಳಗೆ ಅಮ್ಮ ಡಬ್ಬಿಗೆ ಊಟ ತುಂಬುತ್ತಿದ್ದಳು. ಅಂಗಳದಲ್ಲಿ ಅಪ್ಪ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಎಂಟು ವರ್ಷದ ಚಿಕ್ಕವಳು, ಎಲ್ಲರೂ ಚೋಟು ಎಂದು ಕರೆಯುವವಳು, ಪಂಪಿನ ಕೊಳವೆಗೆ ಕಿವಿಯಿಟ್ಟು ಅದರ ಸದ್ದು ಕೇಳುತ್ತಿದ್ದಳು.

"ಉಗುರು?"

"ಹೆಬ್ಬೆರಳಿನದು ಬಿಟ್ಟಿದೀನಿ ಅಜ್ಜಿ. ಮೊಗ್ಗು ಸುಲಿಯೋಕೆ ಬೇಕಲ್ಲ."

"ಕೈ ಶುದ್ಧಾನಾ?"

"ಶುದ್ಧ."

"ಮೈ?"

"ಅದೂ ಶುದ್ಧ. ತಲೆ ಮಾತ್ರ ಎರಡು ದಿನದಿಂದ ಬಾಚಿಲ್ಲ."

"ಅಮ್ಮಾ, ಪೊಲೀಸಿನವರೂ ಇಷ್ಟು ಕೇಳಲ್ಲ," ಎಂದ ಅಪ್ಪ ಅಂಗಳದಿಂದಲೇ.

"ನೀನು ಗಾಳಿ ಹೊಡಿ. ಹೂವಿನ ವಿಷಯ ನಿನಗೇನು ಗೊತ್ತು?"

ಆ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸಸ್ಯಶಾಸ್ತ್ರ ಓದಿ, ಬೀಜದ ಹತ್ತಿ ಬೆಳೆಯುವ ಹೊಲಗಳನ್ನು ತಪಾಸಣೆ ಮಾಡುವ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹುಡುಗಿಯರು ನನ್ನನ್ನು ಕನ್ನಡಕದಕ್ಕ ಎನ್ನುತ್ತಿದ್ದರು. ಅಂಗೈ ಚಾಚಿ ನಿಂತವಳಿಗೆ ಹೊಲದಲ್ಲಿ ಮೇಸ್ತ್ರಿ ಎಂದು ಹೆಸರು. ಯಾರೂ ಅವಳನ್ನು ನೇಮಿಸಿರಲಿಲ್ಲ. ಒಂಬತ್ತು ಜನ ಹುಡುಗಿಯರಲ್ಲಿ ಯಾರು ಯಾವ ಸಾಲು ಹಿಡಿಯಬೇಕೆಂದು ಹೇಳುವವಳು ಅವಳು, ಅಷ್ಟೇ.

ಬೀಜದ ಹತ್ತಿಯ ಕೆಲಸ ಹೀಗೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹೆಬ್ಬೆರಳಿನ ಉಗುರಿನಿಂದ ಸುಲಿದು, ದಳ ಮತ್ತು ಕೇಸರಗಳನ್ನು ತೆಗೆದು, ನಡುವಿನ ಎಳೆಯ ದಂಟನ್ನು ಮಾತ್ರ ಉಳಿಸಬೇಕು. ಗುರುತಿಗೆ ತೊಟ್ಟಿಗೊಂದು ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದ ಹೂವು ತಂದು ಅದರ ಪರಾಗವನ್ನು ಆ ದಂಟಿನ ತುದಿಗೆ ಸವರಬೇಕು. ಹನ್ನೊಂದು ಗಂಟೆ ದಾಟಿದರೆ ಆ ಹೂವು ಕೆಟ್ಟಂತೆ. ದಂಟಿಗೆ ಉಗುರು ತಾಗಿದರೂ ಕೆಟ್ಟಂತೆ. ಸಣ್ಣ ಬೆರಳುಗಳೇ ಬೇಕು ಎನ್ನುವುದಕ್ಕೆ ಜನ ಕೊಡುವ ಕಾರಣ ಇದು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮುಟ್ಟಿನ ದಿನಗಳಲ್ಲಿ ಹುಡುಗಿಯ ಕೈ ತಾಗಿದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ ಎಂಬ ನಂಬಿಕೆ. ಹಾಗಾಗಿ ದೊಡ್ಡವಳಾದ ಹುಡುಗಿ ಅಂದೇ ಹೊಲ ಬಿಡಬೇಕು. ಇದನ್ನು ಕಾಯುವ ಕೆಲಸ ಅಜ್ಜಿಯದು. ಅವಳು ದಿನವೂ ಹೊಲದ ಅಂಚಿನಲ್ಲಿ ಕೊಡೆ ಹಿಡಿದು ಕೂತು ಒಂಬತ್ತು ಜನರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಅಂದು ಹೊಲದಲ್ಲಿ ನನಗೊಂದು ವಿಚಿತ್ರ ಕಂಡಿತು. ಲಂಬು ಎಂಬ ಎತ್ತರದ ಹುಡುಗಿ ಸಾಮಾನ್ಯವಾಗಿ ಅಂಚಿನ ಸಾಲಿನವಳು. ಅವಳನ್ನು ಮೇಸ್ತ್ರಿ ಅಂದು ಹೊಲದ ನಟ್ಟನಡುವಿನ ಸಾಲಿಗೆ ಕಳಿಸಿದ್ದಳು. ಹಿಂದಿನ ವಾರ ಅದೇ ಸಾಲಿನಲ್ಲಿ ಇನ್ನೊಬ್ಬಳಿದ್ದಳು, ನಾಲ್ಕು ದಿನ ಮಾತ್ರ. ಸಂಜೆ ಪಂಪ್ ಮನೆಯ ಹಿಂದೆ ಮೇಸ್ತ್ರಿಯನ್ನು ಕೇಳಿದೆ.

ಅವಳು ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಅಜ್ಜಿ ಮಂಡಿ ಆ ಸಾಲಿನವರೆಗೂ ಬರಲ್ಲ ಅಕ್ಕಾ. ಅದಕ್ಕೆ."

"ಅಂದರೆ?"

"ಅಂದ್ರೆ ಅಷ್ಟೇ. ನೀವು ಓದಿದವರು, ನಾನು ಬಿಡಿಸಿ ಹೇಳ್ಬೇಕಾ?"

ಹಗ್ಗದ ಮೇಲೆ ಹೂವಿನ ಬುಟ್ಟಿಗೆ ಮುಚ್ಚುವ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಒಂಬತ್ತು ಬುಟ್ಟಿಗೆ ಹದಿನಾಲ್ಕು ಬಟ್ಟೆಗಳಿದ್ದವು. ಮಿಕ್ಕ ಐದು ಬುಟ್ಟಿಗಲ್ಲ, ಮುಟ್ಟಿಗೆ.

ಒಂಬತ್ತರಲ್ಲಿ ಐವರಿಗೆ ಶುರುವಾಗಿತ್ತು. ಮೇಸ್ತ್ರಿಗೆ ಜೂನ್‌ನಲ್ಲೇ. ಯಾರ ಮನೆಗೂ ಗೊತ್ತಿಲ್ಲ ಎಂದಳು ಅವಳು. ಬಟ್ಟೆ ಒಗೆಯುವವಳು ಒಬ್ಬಳು, ಒಣಹಾಕುವವಳು ಇನ್ನೊಬ್ಬಳು, ಅಜ್ಜಿಯನ್ನು ಮಾತಿಗೆಳೆಯುವವಳು ಮತ್ತೊಬ್ಬಳು. ಹೊಟ್ಟೆನೋವು ಬಂದರೆ ಒಂಬತ್ತೂ ಜನ ಒಟ್ಟಿಗೆ ನೀರು ಕುಡಿಯಲು ಹೋಗುತ್ತಿದ್ದರು, ಒಬ್ಬಳೇ ಕೂತದ್ದು ಕಣ್ಣಿಗೆ ಬೀಳದ ಹಾಗೆ. ಈ ಏರ್ಪಾಡನ್ನೆಲ್ಲ ಕಟ್ಟಿದವಳು ಹದಿನಾಲ್ಕರ ಹುಡುಗಿ.

"ಇಷ್ಟು ಕಷ್ಟ ಯಾಕೆ? ಹೊಲ ಬಿಟ್ಟರೆ ಶಾಲೆಗಾದರೂ ಹೋಗಬಹುದಲ್ಲ. ಇದೇನು ಮಕ್ಕಳು ಮಾಡುವ ಕೆಲಸವಾ?" ಎಂದೆ.

ಮೇಸ್ತ್ರಿ ನಕ್ಕಳು. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಲಂಬು ನಗಲಿಲ್ಲ.

"ಹೊಲ ಬಿಡಿಸಿದ್ರೆ ಶಾಲೆಗೆ ಕಳಿಸ್ತಾರೆ ಅಂದ್ಕೊಂಡ್ರಾ ಅಕ್ಕಾ?" ಎಂದಳು ಲಂಬು. "ಹೋದ ವರ್ಷ ನನ್ನ ಅಕ್ಕನ್ನ ಬಿಡಿಸಿದ್ರು. ಮೂರು ವಾರಕ್ಕೆ ಮದುವೆ. ಈಗ ಅವಳ ಹೊಟ್ಟೆ ಇಷ್ಟಿದೆ." ಕೈಯಲ್ಲಿ ತೋರಿಸಿದಳು. "ದೊಡ್ಡವಳಾದ ಹುಡುಗಿ ಸುಮ್ನೆ ಮನೇಲಿ ಕೂತ್ರೆ ಊರೆಲ್ಲ ಕೇಳುತ್ತೆ, ಇನ್ನೂ ಯಾಕೆ ಇಟ್ಕೊಂಡಿದೀರಿ ಅಂತ."

"ಹೊಲ ಇರೋವರೆಗೆ ಸಣ್ಣವರು," ಎಂದಳು ಮೇಸ್ತ್ರಿ. "ಹೂವಿನ ಕಾಲ ಮುಗಿದ ಮೇಲೆ ಶಾಲೆಗೆ ಹೋಗ್ತೀನಿ. ಹೋದ ವರ್ಷವೂ ಹೋದೆ. ಇನ್ನೆರಡು ವರ್ಷ ಹೀಗೇ ತಳ್ಳಿದ್ರೆ ಹತ್ತನೇ ಕ್ಲಾಸು ಮುಗಿಯುತ್ತೆ."

ಅವಳು ಕೇಳುತ್ತಿದ್ದದ್ದು ಎರಡೇ ವರ್ಷ. ಅದನ್ನು ಒಂಬತ್ತು ಜನರ ಮೌನ ಕಾಯುತ್ತಿತ್ತು. ನಾನು ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು.

ಆದರೆ ಸುಳ್ಳೊಂದು ಕಣ್ಣೆದುರು ನಿಂತಿದ್ದರೆ ಅದನ್ನು ಅಳೆದು ತೋರಿಸಬೇಕೆನ್ನುವುದು ನಾನು ಕಲಿತ ವಿದ್ಯೆ. ಎರಡು ದಿನ ಯೋಚಿಸಿ ಅವರ ಮುಂದೆ ಒಂದು ಉಪಾಯ ಇಟ್ಟೆ. ಇಪ್ಪತ್ತೆಂಟು ದಿನ ಪ್ರತಿಯೊಬ್ಬಳೂ ದಿನದ ಮೊದಲ ಇಪ್ಪತ್ತು ಹೂವುಗಳಿಗೆ ನಾನು ಕೊಟ್ಟ ದಾರ ಕಟ್ಟಬೇಕು. ಮಾಮೂಲಿ ದಿನಗಳಲ್ಲಿ ಕೆಂಪು. ಮುಟ್ಟಿನ ದಿನಗಳಲ್ಲಿ ನೀಲಿ. ಯಾರ ದಾರ ಎಂಬ ಗುರುತು ಇರುವುದಿಲ್ಲ. ಕೊನೆಗೆ ಎರಡು ಬಣ್ಣದಲ್ಲೂ ಎಷ್ಟು ಕಾಯಿ ನಿಂತಿವೆ ಎಂದು ಎಣಿಸಿದರೆ ಆಯಿತು. ಎರಡೂ ಸಮವಾಗಿದ್ದರೆ ನಂಬಿಕೆ ಸುಳ್ಳು. ನಂಬಿಕೆ ಸುಳ್ಳಾದರೆ ಬಚ್ಚಿಡುವ ಅಗತ್ಯವೇ ಇಲ್ಲ.

"ಅಜ್ಜಿ ಒಪ್ತಾಳಾ?" ಎಂದಳು ಮೇಸ್ತ್ರಿ.

"ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನೋಕಾಗುತ್ತಾ?"

"ನಮ್ಮಜ್ಜಿಗೆ ಆಗುತ್ತೆ," ಎಂದಳು. ಎಲ್ಲರೂ ನಕ್ಕರು.

"ನನಗೆ ಇದು ಬೇಡ," ಎಂದಳು ಲಂಬು. "ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ಒಳ್ಳೇದು. ನೀಲಿ ದಾರ ಕಟ್ಟೋದು ಅಂದ್ರೆ ನಾವೇ ಬಾಯಿ ಬಿಟ್ಟ ಹಾಗೆ."

"ಎಷ್ಟು ದಿನ ಅಂತ ಬಟ್ಟೆ ಬಚ್ಚಿಡೋದು ಕಣೇ? ನಮ್ಮದು ಮುಗಿದ ಮೇಲೆ ಚೋಟು ಬರ್ತಾಳೆ. ಅವಳೂ ಬಚ್ಚಿಡ್ಬೇಕಾ?"

ಮೇಸ್ತ್ರಿ ಎಲ್ಲರ ಕೈ ಎತ್ತಿಸಿದಳು. ಏಳು ಕೈ ಮೇಲಕ್ಕೆ, ಎರಡು ಕೆಳಗೆ. ಲಂಬು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ, "ಸರಿ, ಎಲ್ಲರೂ ಅಂದ ಮೇಲೆ ನಾನೂ," ಎಂದು ನನ್ನ ಕೈಯಿಂದ ನೀಲಿ ಉಂಡೆ ಕಸಿದುಕೊಂಡಳು.

ಆಗಸ್ಟ್ ಹದಿನಾರರಿಂದ ಸೆಪ್ಟೆಂಬರ್ ಹನ್ನೆರಡರವರೆಗೆ ಅವರು ಒಂದು ದಿನವೂ ತಪ್ಪಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲೂ ಅಷ್ಟು ಶಿಸ್ತಿನ ಕೆಲಸ ನಾನು ಕಂಡಿಲ್ಲ. ಹತ್ತು ದಿನ ಬಿಟ್ಟು ಎಣಿಸಿದೆವು. ಕೆಂಪು ದಾರದ ಹೂವು ನಾಲ್ಕು ಸಾವಿರದ ಆರುನೂರ ನಲವತ್ತು, ನಿಂತ ಕಾಯಿ ಒಂದು ಸಾವಿರದ ಒಂಬೈನೂರ ನಲವತ್ತೆಂಟು. ನೀಲಿ ದಾರದ ಹೂವು ನಾನೂರು, ಕಾಯಿ ನೂರ ಅರವತ್ತೊಂಬತ್ತು. ಎರಡೂ ನೂರಕ್ಕೆ ನಲವತ್ತೆರಡು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಾನು ಮೂರು ಸಲ ಭಾಗಿಸಿ ನೋಡಿದೆ. ಮೇಸ್ತ್ರಿ ಒಂದು ಸಲ ಭಾಗಿಸಿ, "ಬಂತು," ಎಂದು ಪೆನ್ನು ಮುಚ್ಚಿದಳು.

ಸೆಪ್ಟೆಂಬರ್ ಇಪ್ಪತ್ತಮೂರು, ಸಂಜೆ ಐದಕ್ಕೆ ಹೊಲದ ಕೊಟ್ಟಿಗೆಯಲ್ಲಿ ಎಲ್ಲರನ್ನೂ ಸೇರಿಸಿದೆ. ಹೊಲದ ಯಜಮಾನ, ಅಜ್ಜಿ, ಹುಡುಗಿಯರ ಅಪ್ಪಂದಿರು. ಗೋಡೆ ಪಕ್ಕ ಒಂಬತ್ತು ಹುಡುಗಿಯರು. ಎರಡು ತಟ್ಟೆಯಲ್ಲಿ ಕಾಯಿ ಇಟ್ಟಿದ್ದೆ, ಒಂದರಲ್ಲಿ ಕೆಂಪು ದಾರದವು, ಇನ್ನೊಂದರಲ್ಲಿ ನೀಲಿಯವು. ಸರಳವಾಗಿ ವಿವರಿಸಿದೆ. ಯಜಮಾನ ಗಮನವಿಟ್ಟು ಕೇಳಿದ. ಒಂದೆರಡು ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದ. ನನಗೆ ಧೈರ್ಯ ಬಂತು.

ಅಜ್ಜಿ ಎದ್ದು ಬಂದು ನೀಲಿ ದಾರದ ಕಾಯೊಂದನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಹಿಡಿದಳು. ಒತ್ತಿ ನೋಡಿದಳು.

"ಗಟ್ಟಿಯಾಗೇ ಇದೆ," ಎಂದಳು. ನೀಲಿ ದಾರವನ್ನು ಬೆರಳಿನಿಂದ ಎತ್ತಿ ಹಿಡಿದು, "ಇದನ್ನ ಕಟ್ಟಿದ್ದು ಯಾರು?" ಎಂದಳು.

ನನ್ನ ಪ್ರಯೋಗದ ಎಲ್ಲ ದೋಷಗಳನ್ನೂ ನಾನು ಮೊದಲೇ ಯೋಚಿಸಿದ್ದೆ, ಈ ಒಂದು ಪ್ರಶ್ನೆಯ ಹೊರತು.

"ಯಾರು ಅನ್ನೋದು ಮುಖ್ಯ ಅಲ್ಲ ಅಜ್ಜಿ. ಕಾಯಿ ನಿಂತಿದೆ, ಅದು ಮುಖ್ಯ," ಎಂದೆ.

"ಮೇಡಂ, ಕಾಯಿ ನಿಂತಿದೆ, ಒಪ್ಕೊಂಡೆ," ಎಂದ ಯಜಮಾನ. "ಆದ್ರೆ ಇಷ್ಟು ದಿನ ಇವರು ನಮ್ಮ ಕಣ್ಣಿಗೆ ಮಣ್ಣೆರಚಿದಾರೆ ಅಂತಲೂ ಆಯ್ತಲ್ಲ. ನಾಳೆ ಪಕ್ಕದ ಹೊಲದವರು ಕೇಳಿದ್ರೆ ನಾನು ಏನು ಹೇಳಲಿ? ನಿಮ್ಮ ಚೀಟಿ ತೋರಿಸ್ಲಾ?"

"ನಂಬಿಕೆ ಸುಳ್ಳು ಅಂತ ಹೇಳಿ."

"ಸುಳ್ಳಾ?" ಎಂದಳು ಅಜ್ಜಿ. ದನಿ ಏರಲಿಲ್ಲ. "ನನ್ನನ್ನ ಹನ್ನೆರಡಕ್ಕೆ ಹೊಲದಿಂದ ಎಬ್ಬಿಸಿದ್ರು. ಹದಿಮೂರಕ್ಕೆ ಈ ನನ್ನ ಮಗನ ಅಣ್ಣ ಹುಟ್ಟಿದ, ಹೋದ. ಹದಿನಾಲ್ಕಕ್ಕೆ ಇನ್ನೊಂದು, ಅದೂ ಹೋಯ್ತು. ನನ್ನ ಕೈಯಲ್ಲಿ ದೋಷ ಇದೆ ಅಂದ್ರು, ನಾನು ಹೂಂ ಅಂದೆ. ಈಗ ಈ ಕನ್ನಡಕದವಳು ಬಂದು ಸುಳ್ಳು ಅಂತಾಳೆ. ಸುಳ್ಳಾಗಿದ್ರೆ ನನ್ನನ್ನ ಯಾಕಮ್ಮ ಕಳಿಸಿದ್ರು?"

ಆ ಪ್ರಶ್ನೆಯನ್ನು ಅವಳು ಒಳಗೆ ಬಿಟ್ಟುಕೊಂಡಿದ್ದರೆ ಅರವತ್ತು ವರ್ಷದ ಬದುಕು ಬುಡಮೇಲಾಗುತ್ತಿತ್ತು. ಅವಳು ಬಿಟ್ಟುಕೊಳ್ಳಲಿಲ್ಲ. ಕಾಯಿಯನ್ನು ತಟ್ಟೆಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆಯ ಕಡೆ ತಿರುಗಿದಳು.

"ಶುರುವಾದವರು ಈ ಕಡೆ ಬನ್ನಿ. ಆಗದವರು ಅಲ್ಲೇ ಇರಿ. ನಾಳೆ ಕೆಲಸ ಇದೆ."

ಮೊದಲು ಮೇಸ್ತ್ರಿ ಬಂದಳು. ಅವಳಪ್ಪ ಮುಖ ತಗ್ಗಿಸಿದ. ಹಿಂದೆಯೇ ಲಂಬು. ಮತ್ತೆ ಮೂವರು. ಅಲ್ಲಿಗೆ ಐದು. ಆಮೇಲೆ ಆರನೆಯವಳು ಬಂದಳು, ಏಳನೆಯವಳು, ಎಂಟನೆಯವಳು. ಕೊನೆಗೆ ಹನ್ನೊಂದು ವರ್ಷದ ಒಬ್ಬಳು, ಕೋರೆಹಲ್ಲು ಇನ್ನೂ ಪೂರ್ತಿ ಬರದವಳು. ಗೋಡೆಯ ಬಳಿ ಯಾರೂ ಉಳಿಯಲಿಲ್ಲ.

"ನೀನೂನಾ?" ಎಂದ ಅವಳಪ್ಪ.

"ಹೂಂ. ನಾನೂ," ಎಂದಳು.

ಮೇಸ್ತ್ರಿ ಯಜಮಾನನ ಕಡೆ ನೋಡಿ ಮಾತಾಡಿದಳು. "ಮಾವ, ಇವತ್ತು ಮಧ್ಯಾಹ್ನ ನಾವು ಸುಲಿದ ಹೂವು ಸಾವಿರದ ಎಂಟುನೂರು. ನಾಳೆ ಹನ್ನೊಂದರವರೆಗೆ ಕಾಯುತ್ತೆ, ಆಮೇಲೆ ಕಾಯಲ್ಲ. ಬಂದ್ರೆ ಒಂಬತ್ತೂ ಬರ್ತೀವಿ. ಒಬ್ಬಳನ್ನ ಬಿಡಿಸಿದ್ರೂ ಯಾರೂ ಬರಲ್ಲ."

"ಬಾಯಿ ನೋಡು," ಎಂದ ಯಾರೋ ಒಬ್ಬ ಅಪ್ಪ.

ಹೂವಿನ ಸಂಖ್ಯೆಯನ್ನು ಮನಸ್ಸಿನಲ್ಲೇ ಹಾಕಿ ನೋಡುತ್ತಿದ್ದದ್ದು ಯಜಮಾನನ ಮುಖದಲ್ಲಿ ಕಾಣುತ್ತಿತ್ತು. ನಿಜ ಹೇಳುತ್ತೇನೆ, ಆ ಸಂಜೆ ನಾನು ಗೆದ್ದೆವು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಏಳಕ್ಕೇ ಒಂಬತ್ತು ಜನ ಪಂಪ್ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಮೂವರ ಕೆನ್ನೆ ಊದಿತ್ತು, ಮನೆಯಲ್ಲಿ ಏಟು ಬಿದ್ದಿತ್ತು. ಆದರೂ ಮನೆಯಿಂದ ತಪ್ಪಿಸಿಕೊಂಡು ಬಂದಿದ್ದರು. ಲಂಬು ಯಜಮಾನನ ನಡಿಗೆ ಅಣಕಿಸಿ ತೋರಿಸುತ್ತಿದ್ದಳು. ಎಂಟಾಯಿತು. ಹೊಲದಲ್ಲಿ ಸುಲಿದ ಹೂವಿನ ದಂಟುಗಳು ಬರಿದಾಗಿ ನಿಂತಿದ್ದವು. ಎಂಟೂವರೆಗೆ ಹೊಲದ ಆ ಕಡೆಯ ಅಂಚಿನಲ್ಲಿ ಒಂದು ವ್ಯಾನು ನಿಂತಿತು.

ಹಿಂಬದಿಯ ಬಾಗಿಲು ತೆಗೆದರು. ಇಳಿದವರು ಮಕ್ಕಳು. ಏಳು ವರ್ಷ, ಎಂಟು, ಒಂಬತ್ತು. ಶಾಲೆಯ ಸಮವಸ್ತ್ರದಲ್ಲೇ ಕರೆತಂದಿದ್ದರು. ಹದಿಮೂರು ಜನ. ಅವರಲ್ಲಿ ಆರು ಮಂದಿ ಕಟ್ಟೆಯ ಮೇಲೆ ಕೂತವರ ಸ್ವಂತ ತಂಗಿಯರು. ನಾಲ್ಕನೆಯವಳಾಗಿ ಇಳಿದವಳು ಚೋಟು. ಅಕ್ಕನನ್ನು ಕಂಡು ಕೈ ಬೀಸಿದಳು.

ಅಜ್ಜಿ ಮಕ್ಕಳನ್ನು ಸಾಲು ನಿಲ್ಲಿಸಿ ಅಂಗೈ ನೋಡಿದಳು. ಕೇಳುವ ಪ್ರಶ್ನೆ ಏನೂ ಇರಲಿಲ್ಲ. ಒಂದು ಹೂವು ಹಿಡಿದು, ಪರಾಗ ಹೇಗೆ ಸವರಬೇಕೆಂದು ತೋರಿಸಿದಳು. ಮಕ್ಕಳು ಆಟವೆಂಬಂತೆ ಓಡಿದರು. ಗಿಡಗಳ ನಡುವೆ ಹೊಕ್ಕ ಮೇಲೆ ಅವರ ತಲೆ ಕಾಣಲಿಲ್ಲ, ಎಲೆ ಅಲ್ಲಾಡುವುದು ಮಾತ್ರ ಕಂಡಿತು.

ಒಂಬತ್ತು ಹುಡುಗಿಯರು ಎಲ್ಲವನ್ನೂ ಯೋಚಿಸಿದ್ದರು. ಏಟು, ಬೈಗುಳ, ಉಪವಾಸ, ಪಕ್ಕದ ಊರಿನ ಹುಡುಗಿಯರನ್ನು ಕರೆಸುವುದು. ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದರು. ಇದನ್ನು ಯೋಚಿಸಿರಲಿಲ್ಲ.

"ಹೋಗಿ ಎಳ್ಕೊಂಡ್ ಬರೋಣ," ಎಂದಳು ಹನ್ನೊಂದು ವರ್ಷದವಳು.

"ಎಳ್ಕೊಂಡ್ ಬಂದು?" ಎಂದಳು ಮೇಸ್ತ್ರಿ. "ಸಂಜೆ ಮನೆಗೆ ಹೋದ ಮೇಲೆ ಆ ಮಕ್ಕಳಿಗೆ ಏಟು ಬೀಳುತ್ತೆ."

ಅವಳು ಕಟ್ಟೆಯಿಂದಿಳಿದು ಹೊಲದೊಳಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಎಲೆಗಳ ನಡುವೆ ಕೂತು ತಂಗಿಗೆ ಹೇಳಿದ್ದು ನನಗೆ ಕೇಳಿಸಿತು. "ಉಗುರು ತಾಗಿಸ್ಬೇಡ. ಹೀಗೆ, ಬೆರಳಿನ ತುದೀಲಿ. ಬಿಸಿಲಿಗೆ ತಲೆ ಮೇಲೆ ಬಟ್ಟೆ ಹಾಕ್ಕೋ." ವಾಪಸು ಬಂದು ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ಹನ್ನೊಂದಾಗುವವರೆಗೂ ಒಂಬತ್ತು ಜನ ಕದಲಲಿಲ್ಲ. ಆ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಹೂವಿಗೆ ಪರಾಗ ಮುಟ್ಟಿತ್ತು. ಯಜಮಾನನಿಗೆ ಅಷ್ಟು ಸಾಕಿತ್ತು.

ಮಧ್ಯಾಹ್ನ ಅಪ್ಪಂದಿರು ಬಂದು ಒಬ್ಬೊಬ್ಬಳನ್ನೇ ಕೈ ಹಿಡಿದು ಕರೆದೊಯ್ದರು. ಇನ್ನೂ ಶುರುವಾಗದ ನಾಲ್ವರು ಆಮೇಲೆ ತಮಗೆ ಆಗಿಲ್ಲವೆಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆ ಹುಡುಗಿಯರು ಹೇಳಿದ ನಿಜವನ್ನೆಲ್ಲ ತಳ್ಳಿಹಾಕಿದ ಊರು, ಅವರು ಒಬ್ಬರಿಗಾಗಿ ಒಬ್ಬರು ಹೇಳಿದ ಆ ಒಂದು ಸುಳ್ಳನ್ನು ಮಾತ್ರ ನಂಬಿತು. ಹನ್ನೊಂದು ವರ್ಷದವಳಿಗೂ ಗಂಡು ಹುಡುಕಲು ಶುರುಮಾಡಿದರು.

ನಾನು ಕೈಕಟ್ಟಿ ಕೂರಲಿಲ್ಲ ಎಂದು ಬರೆಯಬಹುದು, ಆದರೆ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಈ ಮದುವೆಗಳನ್ನು ತಡೆಯಿರೆಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆ. ಅಧಿಕಾರಿ ಬಂದರು. ಮೇಸ್ತ್ರಿಗೆ ಹದಿನೆಂಟು ತುಂಬಿದೆ ಎನ್ನುವ ಕಾಗದವೊಂದನ್ನು ಅವಳಪ್ಪ ತೋರಿಸಿದ. ಅಧಿಕಾರಿ ಹುಡುಗಿಯನ್ನು ನೋಡಿದರು, ಕಾಗದವನ್ನು ನೋಡಿದರು, ಕಾಗದಕ್ಕೆ ಸಹಿ ಹಾಕಿದರು. ಶಾಲೆಯ ಮುಖ್ಯೋಪಾಧ್ಯಾಯರು, "ಅವರ ಮನೆ ವಿಷಯ, ನಾವು ತಲೆ ಹಾಕಿದ್ರೆ ಉಳಿದ ಮಕ್ಕಳನ್ನೂ ಬಿಡಿಸ್ತಾರೆ," ಎಂದರು. ಅದೂ ನಿಜವೇ. ನನ್ನ ಕೋಣೆ ಖಾಲಿ ಮಾಡಿಸಿದರು. ಮೇಸ್ತ್ರಿಯ ಅಮ್ಮ, ಇಷ್ಟು ದಿನ ನನ್ನೊಡನೆ ಹತ್ತು ಮಾತೂ ಆಡದವಳು, ನನ್ನ ಪೆಟ್ಟಿಗೆಯನ್ನು ಬಾಗಿಲವರೆಗೆ ಹೊತ್ತು ತಂದಳು.

"ಬಟ್ಟೆ ವಿಷಯ ನನಗೆ ಜೂನ್‌ನಲ್ಲೇ ಗೊತ್ತಿತ್ತು," ಎಂದಳು ಮೆಲ್ಲಗೆ. "ಗೊತ್ತಿಲ್ಲದ ಹಾಗೆ ಇದ್ದೆ. ನೀವೂ ಹಾಗೇ ಇರಬಹುದಿತ್ತು."

ಓದುವವರು ನನ್ನನ್ನು ಕ್ಷಮಿಸಬೇಕೆಂದು ಇದನ್ನು ಹೇಳುತ್ತಿಲ್ಲ. ನಿಮ್ಮ ಊರಿನಲ್ಲೂ ಹೀಗೊಂದು ನಂಬಿಕೆ ಇರಬಹುದು, ಅದನ್ನು ಸುಳ್ಳೆಂದು ತೋರಿಸುವ ವಿದ್ಯೆ ನಿಮ್ಮಲ್ಲೂ ಇರಬಹುದು. ಅದನ್ನು ಬಳಸುವ ಮೊದಲು, ನಿಜ ಹೊರಬಿದ್ದ ಮರುದಿನ ಆ ಹುಡುಗಿಯರು ಎಲ್ಲಿ ಮಲಗುತ್ತಾರೆ, ಯಾರ ಮನೆಯ ಬಾಗಿಲು ಅವರಿಗೆ ತೆರೆದಿರುತ್ತದೆ ಎಂದು ಮೊದಲು ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ.

ಅಕ್ಟೋಬರ್ ಆರರಂದು ಮೇಸ್ತ್ರಿಯ ಮದುವೆಯಾಯಿತು. ಹೊರಡುವ ಮೊದಲು ಗಾಡಿಯ ಹತ್ತಿರ ಒಂದು ನಿಮಿಷ ಸಿಕ್ಕಳು. ನಾನು ಏನೋ ಹೇಳಲು ಹೊರಟೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಲಂಬುಗೆ ಹೇಳಿ ಅಕ್ಕಾ. ಅವತ್ತು ಬೇಡ ಅಂದವಳು ಅವಳೇ. ಅವಳು ಹೇಳಿದ್ದೇ ಸರಿ, ನಾನು ತಪ್ಪಿದೆ ಅಂತ ಹೇಳಿ." ಗಾಡಿ ಹತ್ತಿದ ಮೇಲೆ ಮತ್ತೆ ಬಗ್ಗಿದಳು. "ಆದ್ರೆ ಒಂಬತ್ತೂ ಜನ ಬಂದು ನಿಂತ್ವಲ್ಲ. ಅದನ್ನ ಎಲ್ಲಾದ್ರೂ ಬರೆದಿಡಿ."

ಲಂಬುಗೆ ಹೇಳಲು ಹೋದೆ. ಅವಳನ್ನು ಆಗಲೇ ಬೇರೆ ಊರಿಗೆ ಕೊಟ್ಟಾಗಿತ್ತು.

ಅಕ್ಟೋಬರ್ ಹದಿನಾಲ್ಕರಂದು ಕೊನೆಯ ತಪಾಸಣೆಗೆ ಹೊಲಕ್ಕೆ ಹೋದೆ. ನಮೂನೆಯಲ್ಲಿ ಗಿಡದ ಎತ್ತರ ಬರೆಯಬೇಕು. ಅಳತೆಯ ಕೋಲು ಹಿಡಿದು ನಡುವಿನ ಸಾಲಿಗೆ ಹೊಕ್ಕಾಗ ಕಾಲಿಗೆ ಏನೋ ತಾಗಿತು. ಚೋಟು ಕೂತಿದ್ದಳು. ಬೆರಳುಗಳ ತುದಿ ಒಡೆದು ಕಪ್ಪಾಗಿತ್ತು, ಕಣ್ಣು ಗಿಡಕ್ಕೆ ಹೊಡೆದ ಔಷಧಿಯ ಗಾಳಿಗೆ ಕೆಂಪಾಗಿತ್ತು.

"ಶಾಲೆ?" ಎಂದೆ.

"ಹೂವು ಮುಗಿದ ಮೇಲೆ." ಆಮೇಲೆ ಆಚೀಚೆ ನೋಡಿ, ನನ್ನ ಸೆರಗು ಜಗ್ಗಿ, ಕಿವಿಗೆ ಬಾಯಿ ತಂದಳು. "ಕನ್ನಡಕದಕ್ಕ, ನೀವು ಓದಿದೀರಲ್ಲ. ಅಕ್ಕನಿಗಾಯ್ತಲ್ಲ, ಅದು ನನಗೆ ಬರದೇ ಇರೋ ಹಾಗೆ ಮಾತ್ರೆ ಏನಾದ್ರೂ ಇದ್ಯಾ?"

ಇಲ್ಲ ಎಂದೆ.

ಅವಳು ಮುಂದಿನ ಹೂವಿಗೆ ಕೈ ಹಾಕಿದಳು. ನಾನು ಅವಳನ್ನು ಒಂದು ಕ್ಷಣ ಎಬ್ಬಿಸಿ ಕೋಲಿನ ಪಕ್ಕ ನಿಲ್ಲಿಸಿದೆ. ನಮೂನೆಯಲ್ಲಿ ಗಿಡದ ಎತ್ತರ ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್ ಎಂದು ಬರೆದೆ. ಅದರ ಕೆಳಗೆ, ಷರಾ ಎಂಬ ಖಾಲಿ ಜಾಗದಲ್ಲಿ, ಇನ್ನೊಂದು ಸಾಲು ಸೇರಿಸಿದೆ.

ಕೆಲಸ ಮಾಡುವವಳ ಎತ್ತರ, ಒಂದು ಮೀಟರ್ ಹದಿನಾಲ್ಕು ಸೆಂಟಿಮೀಟರ್.